ಒಂದೇ ಅಚ್ಚು, ಹಲವು ಹೆಸರು: ಬೇರೆ ಬೇರೆ ಬ್ರ್ಯಾಂಡ್‌ನ ಯುಕುಲೇಲೆಗಳು ಇಷ್ಟೊಂದು ಒಂದೇ ಥರ ಇರುವುದು ಯಾಕೆ?

ನಾಲ್ಕುತಂತಿ

ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ ಯುಕುಲೇಲೆ, ಅದರಲ್ಲಿ ಕಾನ್ಸರ್ಟ್ ಅನ್ನುವ ಮಧ್ಯಮ ಸೈಜಿನದು ಹುಡುಕಲು ಕೂತರೆ ಆನ್‌ಲೈನ್ ಪಟ್ಟಿಯಲ್ಲಿ ಮೂರು ಬ್ರ್ಯಾಂಡ್ ಪಕ್ಕಪಕ್ಕದಲ್ಲೇ ಬರುತ್ತವೆ. ಮೂರೂ 23 ಇಂಚು, ಮಹಾಗನಿ ಬಾಡಿ, 18 ಫ್ರೆಟ್ (ಸ್ವರಸ್ಥಾನದ ಲೋಹದ ಪಟ್ಟಿ). ಸೌಂಡ್‌ಹೋಲ್ (ಬಾಡಿಯ ದುಂಡು ತೂತು) ಸುತ್ತ ಅದೇ ಲೇಸರ್ ಚಿತ್ರ, ತಂತಿಗಳನ್ನು ಬಾಡಿಗೆ ಕಟ್ಟುವ ಬ್ರಿಡ್ಜ್ ಮೇಲೆ ಅದೇ ಎರಡು ಬಿಳಿ ಚುಕ್ಕಿ. ಚೀಲ, ಬೆಲ್ಟ್, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, ಹೆಚ್ಚುವರಿ ತಂತಿ, ಹೀಗೆ ಪೆಟ್ಟಿಗೆಯೊಳಗಿನ ಸಾಮಾನೂ ಅದೇ. ಹೆಡ್‌ಸ್ಟಾಕ್ (ವಾದ್ಯದ ತಲೆ) ಮೇಲಿನ ಹೆಸರು ಬೇರೆ, ಬೆಲೆ ಬೇರೆ.

ನನಗೆ ಎರಡು ಪ್ರಶ್ನೆ ಇವೆ. ಇವು ನಿಜಕ್ಕೂ ಒಂದೇ ವಾದ್ಯವಾ? ಹೌದು ಅಂತಾದರೆ, ಅಗ್ಗದ್ದನ್ನು ತೆಗೆದುಕೊಂಡರೆ ಏನು ಕಳೆದುಕೊಳ್ಳುತ್ತೇವೆ? "ಎಲ್ಲಾ ಒಂದೇ ಮಾಲು, ಯಾವುದಾದ್ರೂ ತಗೊಳ್ಳಿ" ಅನ್ನುವ ಉತ್ತರ ಮಾತ್ರ ಬೇಡ.

ಅಚ್ಚುಗಾರ

ಮೊದಲು ವ್ಯವಹಾರ ಹೇಗೆ ನಡೆಯುತ್ತದೆ ಅಂತ ನೋಡೋಣ. ಇಲ್ಲದಿದ್ದರೆ "ಒಂದೇ ಫ್ಯಾಕ್ಟರಿ" ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ.

ಫ್ಯಾಕ್ಟರಿಯಿಂದ ಮಾಲು ಎರಡು ರೀತಿಯಲ್ಲಿ ಹೊರಬರುತ್ತದೆ. ಒಂದರಲ್ಲಿ ಬ್ರ್ಯಾಂಡ್‌ನವರೇ ನಕ್ಷೆ ಕೊಡುತ್ತಾರೆ: ಬಾಡಿ ಆಕಾರ, ಬ್ರೇಸ್ (ಒಳಗಿನ ಆಧಾರಪಟ್ಟಿ) ಎಲ್ಲಿ ಕೂರಬೇಕು, ಟಾಪ್ (ಮೇಲಿನ ಹಲಗೆ) ಎಷ್ಟು ದಪ್ಪ, ನಟ್ (ತಲೆಯ ಬಳಿ ತಂತಿಗಳು ಕೂರುವ ಸಣ್ಣ ಪಟ್ಟಿ) ಎಷ್ಟು ಅಗಲ. ಫ್ಯಾಕ್ಟರಿ ಅದರಂತೆ ಮಾಡಿಕೊಡುತ್ತದೆ. ಇದು ಓಇಎಂ. ಇನ್ನೊಂದರಲ್ಲಿ ಫ್ಯಾಕ್ಟರಿಯ ಕ್ಯಾಟಲಾಗ್‌ನಲ್ಲಿ ಮೊದಲೇ ಸಿದ್ಧವಾಗಿರುವ ಮಾಡೆಲ್ ಇರುತ್ತದೆ. ಕೊಳ್ಳುವವರು ಮರ, ಬಣ್ಣ, ಟ್ಯೂನರ್ (ತಂತಿ ಬಿಗಿಯುವ ತಿರುಗಣೆ), ತಂತಿ, ಚೀಲ ಆರಿಸಿ, ಲೋಗೋ ಫೈಲ್ ಕಳಿಸಿದರೆ ಮುಗಿಯಿತು. ಇದು ಓಡಿಎಂ. ನೀವು ನೋಡಿದ ಮೂರು ಬಹುತೇಕ ಈ ಎರಡನೇ ಜಾತಿಯವು.

ಬಾಡಿ ಮಾತ್ರ ಯಾಕೆ ಬದಲಾಗುವುದಿಲ್ಲ? ಬದಿಗಳನ್ನು ಬಿಸಿಯಲ್ಲಿ ಬಗ್ಗಿಸುವ ಅಚ್ಚು, ಅಂಟು ಒಣಗುವವರೆಗೆ ಹಿಡಿದಿಡುವ ಚೌಕಟ್ಟು, ಬ್ರಿಡ್ಜ್ ಕೂರಿಸುವ ಜಿಗ್ (ಹಿಡಿದಿಡುವ ಸಲಕರಣೆ), ನೆಕ್ ಕೊರೆಯುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಪ್ರೋಗ್ರಾಂ, ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಸೊಂಟದ ಅಗಲ 3 ಮಿ.ಮೀ. ಬದಲಿಸಿದರೂ ಅರ್ಧ ಸಲಕರಣೆ ಹೊಸದಾಗಿ ಮಾಡಬೇಕು. ಹೆಡ್‌ಸ್ಟಾಕ್ ತುದಿಯ ಆಕಾರಕ್ಕಾದರೆ ಪ್ರೋಗ್ರಾಂನಲ್ಲಿ ಒಂದು ಗೆರೆ ತಿದ್ದಿದರೆ ಸಾಕು. ಲೋಗೋ ಲೇಸರ್‌ನಲ್ಲಿ ಸುಡುವುದು ಕೆಲವು ಸೆಕೆಂಡಿನ ಕೆಲಸ. ಹಾಗಾಗಿ ಜನ ಮೊದಲು ನೋಡುವ ತಲೆಯೇ ಅತ್ಯಂತ ಸುಲಭವಾಗಿ ಬದಲಾಗುವ ಭಾಗ. ಬಾಡಿಯ ಹೊರಗೆರೆ ಎಲ್ಲಕ್ಕಿಂತ ಕಷ್ಟದ್ದು.

ಇನ್ನೊಂದು ಮಾತು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ, ಗುಯಿಝೌ ಪ್ರಾಂತ್ಯದ ಝೆಂಗ್‌ಆನ್ ಕೌಂಟಿಯಂಥ ಕಡೆ ಗಿಟಾರ್, ಯುಕುಲೇಲೆ ಕಾರ್ಖಾನೆಗಳು ಅಕ್ಕಪಕ್ಕದಲ್ಲೇ ಇವೆ. ಟ್ಯೂನರ್, ಬ್ರಿಡ್ಜ್, ರೋಸೆಟ್ (ಸೌಂಡ್‌ಹೋಲ್ ಸುತ್ತಿನ ಅಲಂಕಾರ) ಪಟ್ಟಿ, ಚೀಲ ಎಲ್ಲ ಹೊರಗಿನಿಂದ ಕೊಳ್ಳುವ ಬಿಡಿಭಾಗಗಳು. ಎರಡು ಯುಕುಲೇಲೆಯ ಬ್ರಿಡ್ಜ್ ಒಂದೇ ಥರ ಇದ್ದರೆ ಬ್ರಿಡ್ಜ್ ಮಾರಿದವರು ಒಬ್ಬರೇ ಅಂತಷ್ಟೇ ಹೇಳಬಹುದು. ಫ್ಯಾಕ್ಟರಿ ಒಂದೇ ಅನ್ನಲು ಅದು ಸಾಲದು.

ಬಿಸಿಲುಮಚ್ಚು

ಗುರು, ಇಷ್ಟೆಲ್ಲಾ ಯಾಕೆ? ಅಚ್ಚು ಒಂದೇ, ಮರ ಒಂದೇ, ಕೆಲಸದವರೂ ಅವರೇ. ಮೇಲಿನ ಹೆಸರಿಗೆ ಮಾತ್ರ ದುಡ್ಡು ಜಾಸ್ತಿ ಕೊಡಬೇಕಾ?

ಅಚ್ಚುಗಾರ

ಬಿಸಿಲುಮಚ್ಚು ಅವರೇ, "ಮರ ಒಂದೇ" ಅಂತ ಯಾರು ಹೇಳಿದ್ದು? ಅದೇ ಅಚ್ಚಿನಲ್ಲಿ ಮೂರು ಪದರ ಅಂಟಿಸಿದ ಪ್ಲೈ ಬಾಡಿಯೂ ಆಗುತ್ತದೆ, ಸಾಲಿಡ್ (ಪದರವಿಲ್ಲದ ಅಖಂಡ ಮರದ) ಟಾಪೂ ಆಗುತ್ತದೆ, ಪೂರ್ತಿ ಸಾಲಿಡ್ ಕೂಡ ಆಗುತ್ತದೆ. ಫೋಟೋದಲ್ಲಿ ಮೂರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆರ್ಡರ್ ಕಾಗದದಲ್ಲಿ ಮಾತ್ರ ಒಂದೊಂದು ಸಾಲು ಬೇರೆ ಇರುತ್ತದೆ.

ಮರಕ್ಕಿಂತ ದೊಡ್ಡ ವ್ಯತ್ಯಾಸ ತಪಾಸಣೆಯಲ್ಲಿದೆ. ಲಾಟ್ (ಒಟ್ಟಿಗೆ ತಯಾರಾದ ಮಾಲಿನ ಕಂತು) ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಐಎಸ್‌ಒ 2859-1 ಅನ್ನುವ ಅಂತರರಾಷ್ಟ್ರೀಯ ಮಾನದಂಡ. ಅದರ ಸಾಮಾನ್ಯ ಮಟ್ಟ 2ರ ಪ್ರಕಾರ 500 ವಾದ್ಯದ ಲಾಟ್‌ನಿಂದ 50 ತೆಗೆದು ನೋಡುತ್ತಾರೆ. ದೊಡ್ಡ ದೋಷಕ್ಕೆ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5 ಅಂತ ಕೊಳ್ಳುವವರು ಒಪ್ಪಿದ್ದರೆ ಆ 50ರಲ್ಲಿ 3 ಕೆಟ್ಟದ್ದು ಸಿಕ್ಕರೂ ಲಾಟ್ ಪಾಸು, 4 ಸಿಕ್ಕರೆ ವಾಪಸು. ಎಕ್ಯೂಎಲ್ 1.0 ಅಂತ ಬರೆಸಿದ್ದರೆ 1ರವರೆಗೆ ಪಾಸು, 2 ಆದರೆ ವಾಪಸು. ಅದೇ ಫ್ಯಾಕ್ಟರಿ, ಅದೇ ಮೇಜು, ಅದೇ ಕೈಗಳು, ಆದರೂ ಹೊರಗೆ ಹೋಗುವ ಪೆಟ್ಟಿಗೆಗಳ ಗುಣ ಬೇರೆ. ಇನ್ನು "ದೊಡ್ಡ ದೋಷ" ಅಂದರೆ ಏನು ಅಂತ ಬರೆಯುವವರೂ ಕೊಳ್ಳುವವರೇ. ಫ್ರೆಟ್ ತುದಿ ಕೈಗೆ ಚುಚ್ಚುವುದನ್ನು ಒಬ್ಬರು ದೊಡ್ಡ ದೋಷಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ಪಟ್ಟಿಗೇ ಹಾಕುವುದಿಲ್ಲ.

ಹೆಸರಿಗೆ ದುಡ್ಡು ಕೊಡಬೇಡಿ, ಒಪ್ಪಿದೆ. ಆದರೆ ಆ ಹೆಸರಿನ ಹಿಂದೆ ಯಾರಾದರೂ ಈ ಕಾಗದ ಬರೆದಿದ್ದಾರಾ, ವಾದ್ಯ ಬಂದ ಮೇಲೆ ತೆರೆದು ಸೆಟಪ್ (ನುಡಿಸಲು ಹದವಾಗುವಂತೆ ತಂತಿ ಎತ್ತರ ಇತ್ಯಾದಿ ಹೊಂದಿಸುವುದು) ಮಾಡುತ್ತಾರಾ, ಬ್ರಿಡ್ಜ್ ಕಿತ್ತು ಬಂದರೆ ಬದಲಿಸಿ ಕೊಡುತ್ತಾರಾ? ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ.

ಹಳೇಸ್ವರ

ಇದು ಆನ್‌ಲೈನ್ ಕಾಲದ ಚಾಳಿ ಅಂದುಕೊಳ್ಳಬೇಡಿ. ಯುಕುಲೇಲೆ ಹವಾಯಿಯ ಆಚೆ ಜನಪ್ರಿಯವಾದಾಗಿನಿಂದ ಇದೆ.

1879ರಲ್ಲಿ ಮದೀರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಹಡಗಿನಲ್ಲಿ ಹೊನೊಲುಲುಗೆ ಬಂದ ಪೋರ್ಚುಗೀಸರಲ್ಲಿ ಮೂವರು ಮರಗೆಲಸದವರಿದ್ದರು: ಮನುಯೆಲ್ ನುನೆಸ್, ಜೋಸೆ ಡು ಎಸ್ಪಿರಿಟು ಸಾಂಟು, ಆಗುಸ್ಟು ಡಿಯಾಸ್. ಯುಕುಲೇಲೆ ರೂಪ ತಾಳಿದ್ದು ಅವರ ಕೈಯಲ್ಲಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ನಂತರ ಅಮೆರಿಕದಲ್ಲಿ ಅದರ ಹುಚ್ಚು ಹತ್ತಿತು. ಶಿಕಾಗೋದ ಹಾರ್ಮನಿ ಕಂಪನಿ 1892ರಲ್ಲಿ ಶುರುವಾಗಿತ್ತು. ಅದನ್ನು ಅಂಚೆಯಲ್ಲಿ ಮಾಲು ಮಾರುತ್ತಿದ್ದ ಸಿಯರ್ಸ್ ಕಂಪನಿ 1916ರಲ್ಲಿ ಕೊಂಡುಕೊಂಡಿತು. ಆಮೇಲೆ ಹಾರ್ಮನಿಯಲ್ಲಿ ತಯಾರಾದ ವಾದ್ಯಗಳು ಸಿಯರ್ಸ್ ಕ್ಯಾಟಲಾಗ್‌ನಲ್ಲಿ ಮೊದಲು ಸೂಪರ್‌ಟೋನ್, ನಂತರದ ವರ್ಷಗಳಲ್ಲಿ ಸಿಲ್ವರ್‌ಟೋನ್ ಅನ್ನುವ ಹೆಸರಲ್ಲಿ ಮಾರಾಟವಾದವು. ಸಿಲ್ವರ್‌ಟೋನ್ ಅಂತ ಯಾವ ಕಾರ್ಖಾನೆಯೂ ಇರಲಿಲ್ಲ. ಅಮೆರಿಕದ ಹೆಸರಾಂತ ಗಿಟಾರ್ ತಯಾರಕ ಮಾರ್ಟಿನ್ ಕಂಪನಿಯೇ ಆಲಿವರ್ ಡಿಟ್ಸನ್ ಅನ್ನುವ ಸಂಗೀತದ ಅಂಗಡಿಗಾಗಿ ಡಿಟ್ಸನ್ ಮುದ್ರೆಯ ಯುಕುಲೇಲೆ ಮಾಡಿಕೊಟ್ಟಿತ್ತು.

ಈಗ ಸಂಗ್ರಾಹಕರು ಏನು ಮಾಡುತ್ತಾರೆ ನೋಡಿ. ಹೆಸರಿಲ್ಲದ ಹಳೇ ಯುಕುಲೇಲೆ ಸಿಕ್ಕರೆ ತಲೆ ನೋಡುವುದಿಲ್ಲ, ಬ್ರಿಡ್ಜ್ ಆಕಾರ, ಸೌಂಡ್‌ಹೋಲ್ ಸುತ್ತಿನ ಅಲಂಕಾರ, ಒಳಗಿನ ಬ್ರೇಸ್ ನೋಡಿ ಹಾರ್ಮನಿಯೋ ರೀಗಲ್ ಅನ್ನುವ ಇನ್ನೊಂದು ಕಂಪನಿಯದೋ ಹೇಳುತ್ತಾರೆ. ಇವತ್ತಿನದಕ್ಕೂ ಅದೇ ದಾರಿ.

ನಾಲ್ಕುತಂತಿ

ಹಳೇಸ್ವರ ಸರ್, ಆ "ಒಳಗೆ ನೋಡುವುದು" ಹೇಗೆ ಅಂತ ಯಾರಾದರೂ ಬಿಡಿಸಿ ಹೇಳಿ. ಹೊರಗಿನ ಅಳತೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು?

ಇಣುಕುಕನ್ನಡಿ

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಲಿಸ್ಟಿಂಗ್ ಫೋಟೋ ಹೋಲಿಸಿ ತೀರ್ಪು ಕೊಡಬೇಡಿ. ಎರಡು ಬ್ರ್ಯಾಂಡ್‌ನ ಫೋಟೋ ಪಕ್ಕದಲ್ಲಿಟ್ಟು ಟಾಪ್ ಮೇಲಿನ ಮರದ ಗೆರೆಗಳನ್ನು ನೋಡಿ. ಗೆರೆಗೆ ಗೆರೆ, ಗಂಟಿಗೆ ಗಂಟು ಸರಿಹೊಂದಿದರೆ ಅದು ಒಂದೇ ಫೋಟೋ, ಲೋಗೋ ಮಾತ್ರ ಕಂಪ್ಯೂಟರ್‌ನಲ್ಲಿ ಬದಲಿಸಿದ್ದಾರೆ. ಮರದ ಗೆರೆ ಬೆರಳಚ್ಚಿನ ಹಾಗೆ, ಎರಡು ವಾದ್ಯದ ಮೇಲೆ ಒಂದೇ ಬರಲು ಸಾಧ್ಯವಿಲ್ಲ. ಮನೆಗೆ ಬರುವ ಪೆಟ್ಟಿಗೆಯಲ್ಲಿ ಏನಿರುತ್ತದೆ ಅನ್ನುವುದು ಆ ಫೋಟೋದಿಂದ ತಿಳಿಯುವುದಿಲ್ಲ. ಕೊಂಡವರು ಹಾಕಿದ ಫೋಟೋ ಹುಡುಕಿ.

ವಾದ್ಯ ಕೈಯಲ್ಲಿದ್ದರೆ ಬೇಕಾದ್ದು ಉಕ್ಕಿನ ಸ್ಕೇಲು, ವರ್ನಿಯರ್ ಕ್ಯಾಲಿಪರ್, ಸಣ್ಣ ಎಲ್‌ಇಡಿ, ಸೌಂಡ್‌ಹೋಲ್‌ನಲ್ಲಿ ಹಿಡಿಸುವ ಪುಟ್ಟ ಕನ್ನಡಿ. ಕೇಬಲ್ ತುದಿಯ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು.

ಹೊರಗಡೆ: ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ, ಅದು ಸ್ಕೇಲ್ ಉದ್ದ. ಚಿಕ್ಕ ಸೈಜಾದ ಸೊಪ್ರಾನೋಗೆ 345 ಮಿ.ಮೀ. ಆಸುಪಾಸು, ಕಾನ್ಸರ್ಟ್‌ಗೆ 380, ಅದಕ್ಕಿಂತ ದೊಡ್ಡದಾದ ಟೆನರ್‌ಗೆ 430. ಇಷ್ಟರಿಂದ ಏನೂ ತಿಳಿಯುವುದಿಲ್ಲ, ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ಮೇಲಿನ ಉಬ್ಬು, ಸೊಂಟ, ಕೆಳಗಿನ ಉಬ್ಬು, ಸೌಂಡ್‌ಹೋಲ್ ವ್ಯಾಸ, ನೆಕ್ ಬಳಿಯ ಆಳ, ಬುಡದ ಬಳಿಯ ಆಳ, ಈ ಆರೂ 1 ಮಿ.ಮೀ. ಒಳಗೆ ಹೊಂದಿಕೊಂಡರೆ ಅಚ್ಚು ಒಂದೇ ಇರಬಹುದು ಅಂತ ಅನುಮಾನಿಸಬಹುದು. ಫ್ರೆಟ್‌ಬೋರ್ಡ್ ಚುಕ್ಕಿಗಳನ್ನೂ ನೋಡಿ. ಯುಕುಲೇಲೆಗೆ ರೂಢಿ 5, 7, 10, 12. ಕೆಲವು ಕಡೆ ಗಿಟಾರ್ ಅಭ್ಯಾಸದಲ್ಲಿ 10ರ ಬದಲು 9ಕ್ಕೆ ಚುಕ್ಕಿ ಹಾಕುತ್ತಾರೆ.

ಒಳಗಡೆ ನೋಡಬೇಕಾದ್ದು ಇದಕ್ಕಿಂತ ಮುಖ್ಯ. ನೆಕ್ ಬ್ಲಾಕ್ (ನೆಕ್ ಬಾಡಿಗೆ ಸೇರುವಲ್ಲಿನ ಮರದ ತುಂಡು) ಚೌಕವೋ, ಮೂಲೆ ಕತ್ತರಿಸಿದ್ದೋ? ಬದಿ ಮತ್ತು ಟಾಪ್ ಸೇರುವಲ್ಲಿನ ಒಳಪಟ್ಟಿ ಹಲ್ಲುಹಲ್ಲಾಗಿ ಸೀಳಿದ್ದೋ, ನೇರ ಪಟ್ಟಿಯೋ? ಹಿಂಭಾಗದ ಬ್ರೇಸ್ ಎಷ್ಟು, ಅವುಗಳ ತುದಿ ಒಳಪಟ್ಟಿಯೊಳಗೆ ಸೇರಿದೆಯಾ, ಅಲ್ಲೇ ಮೊಟಕಾಗಿ ನಿಂತಿದೆಯಾ? ಬ್ರಿಡ್ಜ್ ಅಡಿಯಲ್ಲಿ ಬಲಪಟ್ಟಿ ಇದೆಯಾ? ಬ್ರಿಡ್ಜ್ ಮೇಲಿನ ಆ ಎರಡು ಬಿಳಿ ಚುಕ್ಕಿಗಳ ಕೆಳಗೆ ಸ್ಕ್ರೂ ಇದ್ದರೆ ಒಳಗಿನಿಂದ ಸ್ಕ್ರೂ ತುದಿಯೋ ಅದಕ್ಕೆ ಹಾಕಿದ ಲೋಹದ ನಟ್ಟೋ ಕಾಣುತ್ತದೆ, ಬರೀ ಅಂಟಾಗಿದ್ದರೆ ಏನೂ ಕಾಣುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೊರಗೆ ಹೋಲಿಕೆ ಇದ್ದು ಒಳಗೆ ಬೇರೆ ಇದ್ದರೆ ಅದು ನಕಲು, ಬೇರೆ ಕಾರ್ಖಾನೆಯವರು ಫೋಟೋ ನೋಡಿ ಮಾಡಿದ್ದು. ನಕಲು ಮಾಡುವವರಿಗೆ ಬೇಕಾಗಿರುವುದು ಅಂಗಡಿಯಲ್ಲಿ ಕಾಣುವ ರೂಪ, ಬ್ರೇಸ್ ಎಲ್ಲಿ ಕೂತಿದೆ ಅಂತ ಅವರು ತಲೆಕೆಡಿಸಿಕೊಳ್ಳುವುದಿಲ್ಲ. ತಲೆ, ಬಣ್ಣ, ರೋಸೆಟ್ ಬೇರೆಯಾಗಿದ್ದು ಒಳಗೆ ಒಂದೇ ಥರ ಇದ್ದರೆ ಅದು ಒಂದೇ ಕಾರ್ಖಾನೆಯ ಎರಡು ಮುಖ.

ಪ್ಲಾಸ್ಟಿಕ್‌ಬೆನ್ನು

ಎಬಿಎಸ್ ಪ್ಲಾಸ್ಟಿಕ್ ಬೆನ್ನಿನ ಟ್ರಾವೆಲ್ ಯುಕುಲೇಲೆಗಳಲ್ಲಿ ಇದು ಇನ್ನೂ ಸುಲಭ. ಇಂಜೆಕ್ಷನ್ ಅಚ್ಚು ತುಂಬಾ ದುಬಾರಿ, ಹಾಗಾಗಿ ಅದನ್ನು ಹಲವರಿಗೆ ಹಂಚಿ ದುಡಿಸುತ್ತಾರೆ. ಒಳಗೆ ದುಂಡಗಿನ ಸಣ್ಣ ಗುರುತುಗಳಿರುತ್ತವೆ. ಅಚ್ಚಿನಿಂದ ತುಂಡನ್ನು ಹೊರತಳ್ಳುವ ಪಿನ್ನು ಬಿಟ್ಟ ಗುರುತು ಅದು. ಎರಡು ಬ್ರ್ಯಾಂಡ್‌ನಲ್ಲಿ ಪಿನ್ ಗುರುತು ಅದೇ ಜಾಗದಲ್ಲಿದ್ದರೆ ಅಚ್ಚು ಒಂದೇ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಕೆಲವು ಅಚ್ಚಿನಲ್ಲಿ ತಿಂಗಳು, ವರ್ಷ ತೋರಿಸುವ ಗಡಿಯಾರದಂಥ ಮುದ್ರೆಯೂ ಇರುತ್ತದೆ.

ಬಿಸಿಲುಮಚ್ಚು

ಬಾರ್‌ಕೋಡ್ ನೋಡಿದರೆ ಗೊತ್ತಾಗಲ್ವಾ? ಶುರುವಿನ ಅಂಕಿ 690ರಿಂದ 699 ಇದ್ದರೆ ಚೀನಾ ಅಂತ ಎಲ್ಲೋ ಓದಿದ ನೆನಪು.

ಇಣುಕುಕನ್ನಡಿ

ಆ ಅಂಕಿ ಬಾರ್‌ಕೋಡ್ ಪಡೆದ ಕಂಪನಿ ಯಾವ ದೇಶದ ಜಿಎಸ್‌1 (ಬಾರ್‌ಕೋಡ್ ನಂಬರ್ ಹಂಚುವ) ಸಂಸ್ಥೆಯಲ್ಲಿ ನೋಂದಾಯಿಸಿದೆ ಅಂತ ಹೇಳುತ್ತದೆ, ವಾದ್ಯ ಎಲ್ಲಿ ತಯಾರಾಯಿತು ಅಂತಲ್ಲ. ಅಮೆರಿಕದ ಬ್ರ್ಯಾಂಡ್ ಚೀನಾದಲ್ಲಿ ಮಾಡಿಸಿದರೂ ಬಾರ್‌ಕೋಡ್ ಅಮೆರಿಕದ್ದೇ.

ಟ್ರೇಡ್‌ಮಾರ್ಕ್ ಹುಡುಕಾಟ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್ ಉಚಿತ. ಹೆಸರು ಹಾಕಿ, ಮಾಲೀಕರ ಕಾಲಂ ನೋಡಿ. ಅದೇ ಮಾಲೀಕರ ಹೆಸರಲ್ಲಿ ಫೋನ್ ಕವರ್, ಅಡುಗೆ ತಕ್ಕಡಿ, ನಾಯಿ ಬೆಲ್ಟ್‌ನ ಬ್ರ್ಯಾಂಡ್‌ಗಳೂ ಇದ್ದರೆ ಅದು ವಾದ್ಯದ ಕಂಪನಿಯಲ್ಲ, ಆನ್‌ಲೈನ್ ವ್ಯಾಪಾರಿ. ಓದಲು ಬಾರದ ಅಕ್ಷರಗಳ ಬ್ರ್ಯಾಂಡ್ ಹೆಸರು ಇಷ್ಟೊಂದು ಹುಟ್ಟಿರುವುದಕ್ಕೂ ಇಲ್ಲೇ ಕಾರಣ ಇದೆ. ಅಮೆಜಾನ್‌ನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಲು ಟ್ರೇಡ್‌ಮಾರ್ಕ್ ಬೇಕು, ಯಾವ ಭಾಷೆಯಲ್ಲೂ ಅರ್ಥವಿಲ್ಲದ ಹೆಸರಿಗೆ ಅದು ತಕರಾರಿಲ್ಲದೆ ಸಿಗುತ್ತದೆ.

ಮರಗಣ್ಣು

ಮರದ ವಿಷಯ ಯಾರೂ ಬಿಡಿಸಿಲ್ಲ. ಒಂದೇ ಅಚ್ಚಿನ ಎರಡು ಯುಕುಲೇಲೆ ಬೇರೆಯಾಗುವುದೇ ಅಲ್ಲಿ.

"ಆಲ್ ಮಹಾಗನಿ" ಅಂದರೆ ಸಾಲಿಡ್ ಅಲ್ಲ. ಟಾಪ್, ಬದಿ, ಬೆನ್ನು ಮೂರರ ಮೇಲ್ಪದರವೂ ಮಹಾಗನಿ ಅಂತಷ್ಟೇ. ನಡುವಿನ ಪದರ ಯಾವ ಮರವಾದರೂ ಇರಬಹುದು. ಅಗ್ಗದ ಪಟ್ಟಿಗಳಲ್ಲಿ ಸಪೇಲಿ, ಒಕೌಮೆಯೂ ಮಹಾಗನಿ ಹೆಸರಲ್ಲೇ ಓಡಾಡುತ್ತವೆ, ನೆಕ್‌ಗೆ ನ್ಯಾಟೋ ಅನ್ನುವ ಮರ ಇರುತ್ತದೆ. ಇವು ಕೆಟ್ಟ ಮರಗಳಲ್ಲ, ಹೆಸರು ಮಾತ್ರ ಸಡಿಲ.

"ಕೋವಾ" ಅಂದಾಗ ಇನ್ನೂ ಎಚ್ಚರ. ಅಕೇಶಿಯಾ ಕೋವಾ ಹವಾಯಿ ದ್ವೀಪಗಳ ಮರ, ಸಹಜವಾಗಿ ಬೆಳೆಯುವುದು ಅಲ್ಲಿ ಮಾತ್ರ. ಏಷ್ಯಾದಲ್ಲಿ ಬೆಳೆದ ಬೇರೆ ಅಕೇಶಿಯಾಗಳನ್ನು "ಅಕೇಶಿಯಾ" ಅಂತಲೇ ಮಾರುವವರು ಪ್ರಾಮಾಣಿಕರು. "ಅಕೇಶಿಯಾ ಕೋವಾ ಶೈಲಿ" ಅಂತ ಬರೆದಿದ್ದರೆ ಅದು ಕೋವಾ ಅಲ್ಲ ಅಂತಲೇ ಓದಿಕೊಳ್ಳಿ. 1910ರ ದಶಕದಲ್ಲೂ ಅಮೆರಿಕದ ಮುಖ್ಯಭೂಮಿಯ ಕಾರ್ಖಾನೆಗಳು ತಮ್ಮ ವಾದ್ಯಕ್ಕೆ ಹವಾಯಿ ಹೆಸರು ಹಾಕಿ ಮಾರುತ್ತಿದ್ದವು. ಅದನ್ನು ತಡೆಯಲೆಂದೇ ಹವಾಯಿಯ ತಯಾರಕರು "ಟಾಬು" ಮುದ್ರೆ ತಂದರು.

ಸಾಲಿಡ್ಡೋ ಪ್ಲೈಯೋ ನೋಡುವುದು ಹೀಗೆ. ಸೌಂಡ್‌ಹೋಲ್ ಅಂಚಿಗೆ ಬೆಳಕು ಬಿಡಿ. ಮೇಲಿನ ಗೆರೆ ಅಂಚಿನಲ್ಲಿ ಇಳಿದು ಒಳಗೂ ಮುಂದುವರಿದರೆ ಸಾಲಿಡ್. ಅಂಚಿನಲ್ಲಿ ಅಡ್ಡಡ್ಡ ಪದರ ಕಂಡರೆ ಪ್ಲೈ. ಅಂಚಿಗೆ ಕಪ್ಪು ಬಣ್ಣವನ್ನೋ ಪ್ಲಾಸ್ಟಿಕ್ ಉಂಗುರವನ್ನೋ ಹಾಕಿ ಮುಚ್ಚಿದ್ದರೆ ಮೇಲ್ಭಾಗದ ಒಂದು ಕಲೆಯನ್ನೋ ದಟ್ಟ ಗೆರೆಯನ್ನೋ ಗುರುತಿಟ್ಟುಕೊಂಡು, ಒಳಗಿನಿಂದ ಕನ್ನಡಿಯಲ್ಲಿ ಅದೇ ಜಾಗ ನೋಡಿ. ಅಲ್ಲೂ ಅದೇ ಗೆರೆ ಇರಬೇಕು. ಕ್ಯಾಲಿಪರ್ ಹಿಡಿಸಿದರೆ ಸಾಲಿಡ್ ಟಾಪ್ ಸಾಮಾನ್ಯವಾಗಿ 1.8ರಿಂದ 2.2 ಮಿ.ಮೀ. ಇರುತ್ತದೆ. 2.5 ದಾಟಿದ್ದರೆ ಪ್ಲೈ ಇರುವ ಸಂಭವವೇ ಹೆಚ್ಚು. ಕಮಾನಿನಂತೆ ಉಬ್ಬಿಸಿದ ಬೆನ್ನು, ಒಳಗೆ ಬ್ರೇಸೇ ಇಲ್ಲ ಅಂದರೆ ಅದು ಒತ್ತಿ ಮಾಡಿದ ಪ್ಲೈ, ಅನುಮಾನವೇ ಬೇಡ.

ತೂಕವೂ ನೋಡಿ. ಅಚ್ಚು, ಟ್ಯೂನರ್, ಫ್ರೆಟ್‌ಬೋರ್ಡ್ ಎಲ್ಲ ಒಂದೇ ಇದ್ದು 50–60 ಗ್ರಾಂ ವ್ಯತ್ಯಾಸ ಬಂದರೆ ಟಾಪ್ ಅಥವಾ ಬೆನ್ನಿನ ದಪ್ಪ ಬೇರೆ ಇದೆ.

ಫ್ರೆಟ್‌ಬೋರ್ಡ್ ನೋಡಿ ಕಾಲವನ್ನೂ ಊಹಿಸಬಹುದು. 2017ರ ಜನವರಿ 2ರಂದು ರೋಸ್‌ವುಡ್‌ನ ಡಾಲ್ಬರ್ಜಿಯಾ ಕುಲ ಹೆಚ್ಚೂಕಡಿಮೆ ಪೂರ್ತಿಯಾಗಿ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು. ಅನೇಕ ಮಾಡೆಲ್‌ಗಳು ವಾಲ್‌ನಟ್ ಕಡೆಗೆ, ಬಣ್ಣ ಹಾಕಿದ ಬೇರೆ ಮರದ ಕಡೆಗೆ ತಿರುಗಿದವು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಬದಲಾದವರೆಲ್ಲ ಹಿಂದಿರುಗಲಿಲ್ಲ. ಹಾಗಾಗಿ ಒಂದೇ ಮಾಡೆಲ್ ನಂಬರ್‌ನಲ್ಲಿ ಒಂದಕ್ಕೆ ರೋಸ್‌ವುಡ್, ಇನ್ನೊಂದಕ್ಕೆ ವಾಲ್‌ನಟ್ ಕಂಡರೆ ಮೋಸ ಅನ್ನಬೇಡಿ.

ಶ್ರುತಿಪೆಟ್ಟಿಗೆ

ಹಾಗಾದರೆ ಕಾಲಾ, ಲಾನಿಕಾಯ್ ಅನ್ನುವ ಎರಡು ಯುಕುಲೇಲೆ ಬ್ರ್ಯಾಂಡ್ ಒಂದೇ ಕಡೆ ಆಗುತ್ತವೆ ಅನ್ನುವ ಮಾತು ಆಗಾಗ ಕೇಳಿಬರುತ್ತದಲ್ಲ?

ಹಳೇಸ್ವರ

ಖಚಿತವಾಗಿ ಹೇಳಬಹುದಾದ್ದು ಇಷ್ಟು: ಲಾನಿಕಾಯ್ ಹೋನರ್ ಕಂಪನಿಯವರು ಶುರುಮಾಡಿದ ಬ್ರ್ಯಾಂಡ್. ಅಲ್ಲಿ ಅದನ್ನು ಬೆಳೆಸಿದ ಮೈಕ್ ಅಪ್ಟನ್ ಆಮೇಲೆ 2005ರಲ್ಲಿ ಕಾಲಾ ಕಟ್ಟಿದರು. ಒಬ್ಬರದೇ ಅಭಿರುಚಿ ಎರಡು ಕಡೆ ಕೆಲಸ ಮಾಡಿದರೆ ಹೋಲಿಕೆ ಬರುತ್ತದೆ. ಅದರಿಂದ ಕಾರ್ಖಾನೆ ಒಂದೇ ಅಂತ ಹಾರುವುದು ಸರಿಯಲ್ಲ.

ತಿರುಗಾ ಮುರುಗಾ ಉದಾಹರಣೆಗಳೂ ಇವೆ. ಒಂದೇ ಕಂಪನಿಯ ಎರಡು ಸಾಲು (ಸೀರೀಸ್) ಎರಡು ದೇಶದಲ್ಲಿ ತಯಾರಾಗುತ್ತವೆ. ಹವಾಯಿಯ ಕೊಓಲಾವು ಅವರ ಪೋನೋ ಸಾಲು ಇಂಡೋನೇಷ್ಯಾದಲ್ಲಿ, ಕೋಅಲೋಹಾದ ಓಪಿಯೊ ಸಾಲು ಥಾಯ್ಲೆಂಡ್‌ನಲ್ಲಿ. ಕಾಲಾದಲ್ಲೇ ಎಲೀಟ್ ಸಾಲು ಕ್ಯಾಲಿಫೋರ್ನಿಯಾದ್ದು, ಉಳಿದ ಬಹುಪಾಲು ಚೀನಾದ್ದು. ಹಾರ್ಲಿ ಬೆಂಟನ್ ಅಂತೂ ಥೋಮನ್ ಅನ್ನುವ ಜರ್ಮನಿಯ ವಾದ್ಯದಂಗಡಿಯ ಸ್ವಂತ ಬ್ರ್ಯಾಂಡ್, ಅದನ್ನು ಅವರು ಮುಚ್ಚಿಟ್ಟಿಲ್ಲ. ಒಟ್ಟಿನಲ್ಲಿ ಹೆಸರು ಬೇರೆ ಅಂದರೆ ವಾದ್ಯ ಬೇರೆ ಅಂತಿಲ್ಲ, ಹೆಸರು ಒಂದೇ ಅಂದರೆ ವಾದ್ಯ ಒಂದೇ ಅಂತಲೂ ಇಲ್ಲ.

ಅಚ್ಚುಗಾರ

ಅದಕ್ಕೆ ಸೇರಿಸಿ: ಬ್ರ್ಯಾಂಡ್‌ನವರು ಕಾರ್ಖಾನೆ ಬದಲಿಸುತ್ತಾರೆ. ಮಾಡೆಲ್ ನಂಬರ್ ಅದೇ, ಫೋಟೋ ಅದೇ, ಮುಂದಿನ ಲಾಟ್ ಬೇರೆ ಊರಿನಿಂದ ಬರುತ್ತದೆ. ಹಳೇ ವಿಮರ್ಶೆ ನಂಬಿ ಕೊಳ್ಳುವವರಿಗೆ ಇದೇ ಹೊಡೆತ. ವಿಮರ್ಶೆಯ ದಿನಾಂಕ ನೋಡಿ, ಒಳಗಿನ ಲೇಬಲ್‌ನ ಸೀರಿಯಲ್ ನಂಬರಿನ ಶೈಲಿ ಈಗಿನದಕ್ಕೆ ಹೊಂದುತ್ತದಾ ನೋಡಿ.

ಅರದಕೈ

ನನ್ನ ಪ್ರಕಾರ ಕಾರ್ಖಾನೆ ಹುಡುಕುವುದಕ್ಕಿಂತ ಅಳತೆ ಹಾಕುವುದು ಮೇಲು. ಒಂದೇ ಅಚ್ಚಿನ ಎರಡು ಯುಕುಲೇಲೆ ನುಡಿಸಲು ಬೇರೆ ಅನ್ನಿಸಿದರೆ ನೂರಕ್ಕೆ ತೊಂಬತ್ತು ಸಲ ಕಾರಣ ಸೆಟಪ್ ಮತ್ತು ತಂತಿ. ಅದರಲ್ಲೂ ನಟ್.

ಕಾರ್ಖಾನೆಯವರು ನಟ್‌ನಲ್ಲಿ ತಂತಿ ಕೂರುವ ಕಚ್ಚನ್ನು ಬೇಕೆಂದೇ ಎತ್ತರ ಬಿಡುತ್ತಾರೆ. ಕಚ್ಚಿನ ಆಳ ಹೆಚ್ಚಾದರೆ ಬೆರಳೊತ್ತದ ತಂತಿ ಮೊದಲ ಫ್ರೆಟ್‌ಗೆ ಬಡಿದು ಜುಯ್ ಅನ್ನುತ್ತದೆ, ಆ ವಾದ್ಯ ವಾಪಸು ಬರುತ್ತದೆ. ಎತ್ತರ ಇದ್ದರೆ ಬೆರಳು ನೋಯುತ್ತದೆ, ಶ್ರುತಿ ಏರುತ್ತದೆ, ಆದರೆ ಹೊಸಬರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ, ವಾದ್ಯ ವಾಪಸು ಬರುವುದಿಲ್ಲ. ಲೆಕ್ಕ ಅಷ್ಟೇ.

ಪರೀಕ್ಷೆ ಹೀಗೆ:

1. ನಾಲ್ಕು ತಂತಿಗಳನ್ನು ಜಿ-ಸಿ-ಇ-ಎ ಸ್ವರಗಳಿಗೆ ಶ್ರುತಿ ಮಾಡಿ. ಹೊಸ ತಂತಿಯಾದರೆ ಒಂದೆರಡು ದಿನ ಎಳೆದು ಕೂರಲು ಬಿಡಿ, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ.

2. ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲಿನ ಸಂದು ನೋಡಿ. ಒಂದು ಹಾಳೆ ಪ್ರಿಂಟರ್ ಕಾಗದ, ಅಂದರೆ ಸುಮಾರು 0.1 ಮಿ.ಮೀ., ಬಿಗಿಯಾಗಿ ಹೋದರೆ ನಟ್ ಸರಿ. ನಾಲ್ಕೈದು ಹಾಳೆ ಹೋದರೆ ಎತ್ತರ. ಸಂದೇ ಇಲ್ಲದಿದ್ದರೆ ಆಳ ಹೆಚ್ಚಾಗಿದೆ, ನಟ್ ಬದಲಿಸಬೇಕು.

3. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಿರಿ. 2.5ರಿಂದ 2.8 ಮಿ.ಮೀ. ಚೆನ್ನ. 3.5 ಇದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ತೆಳು ಪಟ್ಟಿ) ಇಳಿಸಬೇಕು.

4. ಕ್ಲಿಪ್ ಟ್ಯೂನರ್ ಹಾಕಿಕೊಂಡು ಪ್ರತಿ ತಂತಿಯ 1ನೇ ಫ್ರೆಟ್, 12ನೇ ಫ್ರೆಟ್ ನುಡಿಸಿ. 1ರಲ್ಲಿ 10 ಸೆಂಟ್‌ಗಿಂತ (ಸೆಂಟ್ ಅಂದರೆ ಒಂದು ಫ್ರೆಟ್ ಅಂತರದ ನೂರನೇ ಒಂದು ಭಾಗ) ಹೆಚ್ಚು ಏರಿ, 12ರಲ್ಲಿ ಸರಿ ಇದ್ದರೆ ತಪ್ಪು ನಟ್‌ನದು. 1ರಲ್ಲಿ ಸರಿ ಇದ್ದು ಮೇಲಕ್ಕೆ ಹೋದಂತೆ ಏರಿದರೆ ಸ್ಯಾಡಲ್ ಎತ್ತರ ಅಥವಾ ಬ್ರಿಡ್ಜ್ ಜಾಗ. ಸಿ ತಂತಿ ದಪ್ಪ ಇರುವುದರಿಂದ ದೋಷ ಮೊದಲು ಅದರಲ್ಲೇ ಕಾಣುತ್ತದೆ.

5. ನಟ್‌ನಿಂದ 12ನೇ ಫ್ರೆಟ್, 12ನೇ ಫ್ರೆಟ್‌ನಿಂದ ಸ್ಯಾಡಲ್, ಎರಡೂ ಅಳೆಯಿರಿ. ಕಾನ್ಸರ್ಟ್‌ನಲ್ಲಿ ಮೊದಲನೆಯದು 190 ಇದ್ದರೆ ಎರಡನೆಯದು 191.5ರಿಂದ 193 ಇರಬೇಕು. 190ಕ್ಕಿಂತ ಕಮ್ಮಿ ಇದ್ದರೆ ಬ್ರಿಡ್ಜ್ ತಪ್ಪು ಜಾಗದಲ್ಲಿ ಅಂಟಿದೆ. ಬ್ರಿಡ್ಜ್ 1 ಮಿ.ಮೀ. ಆಚೀಚೆ ಆದರೆ 12ನೇ ಫ್ರೆಟ್‌ನಲ್ಲಿ ಸುಮಾರು 4.5 ಸೆಂಟ್ ವ್ಯತ್ಯಾಸ. ಇದನ್ನು ಅರದಿಂದ ಸರಿಮಾಡಲು ಆಗುವುದಿಲ್ಲ, ವಾದ್ಯವನ್ನೇ ವಾಪಸು ಕೊಡಿ.

ಐದನೆಯದು ಪಾಸಾಗಿ ಉಳಿದವು ಫೇಲಾದರೆ ಅಗ್ಗದ ವಾದ್ಯವನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಸ್ಯಾಡಲ್ ಇಳಿಸುವಾಗ ಲೆಕ್ಕ ಮರೆಯಬೇಡಿ: 12ನೇ ಫ್ರೆಟ್‌ನಲ್ಲಿ 0.5 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನ ಅಡಿಯಿಂದ 1 ಮಿ.ಮೀ. ತೆಗೆಯಬೇಕು. ಗಾಜಿನ ಮೇಲೆ 220 ನಂಬರ್ ಸ್ಯಾಂಡ್‌ಪೇಪರ್ ಅಂಟಿಸಿ, ಸ್ಯಾಡಲ್ ನೆಟ್ಟಗೆ ಹಿಡಿದು ಉಜ್ಜಿ. ಪೆನ್ಸಿಲ್ ಗೆರೆ ಹಾಕಿಕೊಂಡು, ಗೆರೆಗೆ ಸ್ವಲ್ಪ ಮುಂಚೆಯೇ ನಿಲ್ಲಿಸಿ, ತಂತಿ ಕಟ್ಟಿ ನೋಡಿ. ನಟ್‌ಗೆ ತಂತಿಯಷ್ಟೇ ದಪ್ಪದ ಅರ, ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ, ಎರಡು ಎಳೆತಕ್ಕೊಮ್ಮೆ ಪರೀಕ್ಷೆ. ಅವಸರ ಮಾಡಿದರೆ ಹೊಸ ನಟ್ಟೇ ಗತಿ.

ಬಿಸಿಲುಮಚ್ಚು

ಫ್ರೆಟ್ ತುದಿ ಚುಚ್ಚುವುದು? ಒಂದು ಬ್ರ್ಯಾಂಡ್‌ನಲ್ಲಿ ಇರುತ್ತೆ, ಅದೇ ಅಚ್ಚಿನ ಇನ್ನೊಂದರಲ್ಲಿ ಇರಲ್ಲ ಅಂತಾರೆ.

ಅರದಕೈ

ಎರಡು ಕಾರಣ. ಒಂದು, ಅಂಚು ಉರುಟು ಮಾಡುವ ಕೆಲಸಕ್ಕೆ ಆರ್ಡರ್‌ನಲ್ಲಿ ಸಮಯ ಕೊಟ್ಟಿಲ್ಲ. ಎರಡು, ಫ್ರೆಟ್‌ಬೋರ್ಡ್ ಮರ ಒಣಗಿ ಕುಗ್ಗಿದೆ, ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಬಂತು. ಎರಡನೆಯದರಲ್ಲಿ ಕಾರ್ಖಾನೆಯಷ್ಟೇ ಗೋದಾಮಿನ ತಪ್ಪೂ ಇದೆ. ಮೊದಲು ವಾದ್ಯವನ್ನು 45–55% ತೇವಾಂಶದಲ್ಲಿ ಎರಡು ವಾರ ಇಡಿ, ಆಮೇಲೂ ಚುಚ್ಚಿದರೆ ಸಣ್ಣ ಅರ ತೆಗೆದುಕೊಂಡು 45 ಡಿಗ್ರಿಯಲ್ಲಿ ಉಜ್ಜಿ. ತೇವ ಸರಿಹೋಗುವ ಮುಂಚೆ ಉಜ್ಜಬೇಡಿ.

ಶ್ರುತಿಪೆಟ್ಟಿಗೆ

ತಂತಿ ಬಗ್ಗೆ ಒಂದು ಮಾತು. ಎರಡು ಬ್ರ್ಯಾಂಡ್‌ನ ನಾದ ಹೋಲಿಸುವ ವಿಡಿಯೋಗಳು ಹೆಚ್ಚಿನಂಶ ತಂತಿಯನ್ನೇ ಹೋಲಿಸುತ್ತಿರುತ್ತವೆ. ಒಂದಕ್ಕೆ ಅಕ್ವಿಲಾ ಕಂಪನಿಯ ಸೂಪರ್ ನೈಲ್ಗಟ್ ತಂತಿ, ಇನ್ನೊಂದಕ್ಕೆ ಹೆಸರಿಲ್ಲದ ನೈಲಾನ್. ಫ್ಲೂರೋಕಾರ್ಬನ್ ನೈಲಾನ್‌ಗಿಂತ ಸಾಂದ್ರ, ಹಾಗಾಗಿ ಅದೇ ಸ್ವರಕ್ಕೆ ತಂತಿ ತೆಳ್ಳಗೆ, ನಾದ ಚುರುಕು. ಎರಡಕ್ಕೂ ಒಂದೇ ಸೆಟ್ ಕಟ್ಟಿ ಆಮೇಲೆ ಮಾತಾಡಬೇಕು. "ಇಟಲಿ ತಂತಿ" ಅಂತ ಬರೆದ ಲಿಸ್ಟಿಂಗ್‌ನಲ್ಲಿ ತಯಾರಕರ ಹೆಸರಿಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಟ್ಯೂನರ್‌ಗೂ ಸುಲಭ ಪರೀಕ್ಷೆ: ತಂತಿ ಸುತ್ತುವ ಕಂಬ ಒಂದು ಪೂರ್ತಿ ಸುತ್ತು ಬರಲು ಗುಬುಟನ್ನು ಎಷ್ಟು ಸುತ್ತಬೇಕು ಎಣಿಸಿ. 14 ಆದರೆ 14:1, 18 ಆದರೆ 18:1. ಲಿಸ್ಟಿಂಗ್‌ನಲ್ಲಿ 18:1 ಅಂತ ಬರೆದು 14:1 ಕೊಟ್ಟಿದ್ದರೆ ಉಳಿದ ಬರಹವನ್ನೂ ಅಷ್ಟೇ ನಂಬಿ.

ನಾಲ್ಕುತಂತಿ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಅಚ್ಚು ಒಂದೇ ಅಂತ ಖಚಿತವಾದರೆ ಒಂದು ಬ್ರ್ಯಾಂಡ್‌ನ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತದಾ? ಅಗ್ಗದ್ದು ಕೊಂಡು ದುಬಾರಿಯದರ ಟ್ಯೂನರ್, ಸ್ಯಾಡಲ್ ಹಾಕಿದರೆ ಆಯಿತಲ್ಲ?

ಅರದಕೈ

ಸ್ಯಾಡಲ್ ಬಹುತೇಕ ಕೂರುತ್ತದೆ, ಆದರೂ ಉದ್ದ, ದಪ್ಪ, ಎತ್ತರ ಮೂರೂ ಅಳೆದೇ ತರಿಸಿ. ಸ್ಯಾಡಲ್ ಕೂರುವ ಸೀಳಿನ ಅಗಲ 2.5 ಮಿ.ಮೀ. ಇರುವುದೂ ಉಂಟು, 3 ಇರುವುದೂ ಉಂಟು. ಸಡಿಲ ಸ್ಯಾಡಲ್ ಮುಂದಕ್ಕೆ ವಾಲಿ ಶ್ರುತಿ ಕೆಡಿಸುತ್ತದೆ. ಪ್ಲಾಸ್ಟಿಕ್ ತೆಗೆದು ಮೂಳೆ ಸ್ಯಾಡಲ್ ಹಾಕುವುದು ಒಳ್ಳೆಯದೇ, ಮೊದಲು ತಂತಿ ಬದಲಿಸಿ ನೋಡಿ.

ಗೇರ್ ಟ್ಯೂನರ್ ತೆಗೆದು ಇನ್ನೊಂದು ಗೇರ್ ಹಾಕುವುದಾದರೆ ಕಂಬದ ತೂತಿನ ವ್ಯಾಸ, ಹಿಂದಿನ ಸ್ಕ್ರೂ ತೂತಿನ ಜಾಗ ಎರಡೂ ಹೊಂದಬೇಕು. ಸ್ಕ್ರೂ ತೂತು ತಪ್ಪಿದರೆ ಹಳೆಯದಕ್ಕೆ ಹಲ್ಲುಕಡ್ಡಿ ಮತ್ತು ಅಂಟು ತುಂಬಿ, ಒಣಗಿದ ಮೇಲೆ ಹೊಸದು ಕೊರೆಯಿರಿ. ಗೇರ್ ಜಾಗಕ್ಕೆ 4:1 ಪ್ಲಾನೆಟರಿ (ಕಂಬದೊಳಗೇ ಗೇರ್ ಅಡಗಿರುವ) ಟ್ಯೂನರ್ ಹಾಕಬೇಕಾದರೆ ಹೆಡ್‌ಸ್ಟಾಕ್ ದಪ್ಪವನ್ನೂ ನೋಡಿ, ಅಗ್ಗದವುಗಳಲ್ಲಿ ತೂತನ್ನು ರೀಮರ್‌ನಿಂದ (ತೂತು ಹಿಗ್ಗಿಸುವ ಕೈ ಉಪಕರಣ) ಹಿಗ್ಗಿಸಬೇಕಾಗಬಹುದು. ಡ್ರಿಲ್ ಹಾಕಿದರೆ ಮರ ಸೀಳುತ್ತದೆ.

ಪಿಕಪ್ (ಆಂಪ್ಲಿಫೈಯರ್‌ಗೆ ನಾದ ಕಳಿಸುವ ಸಾಧನ) ಇರುವ ಮಾಡೆಲ್ ಆದರೆ ಸ್ಯಾಡಲ್ ಹೊರಗೆ ಎಳೆಯುವ ಮುಂಚೆ ಸೀಳಿನೊಳಗೆ ಪಿಕಪ್ ಪಟ್ಟಿ ಇದೆಯಾ ನೋಡಿಕೊಳ್ಳಿ. ಸ್ಯಾಡಲ್‌ನ ತಳ ಕೂದಲಷ್ಟು ಓರೆಯಾದರೂ ಒಂದು ತಂತಿ ಜೋರು, ಇನ್ನೊಂದು ಮೆತ್ತಗೆ ಕೇಳಿಸುತ್ತದೆ.